ಕೊಳಕುಮಂಡಲದ ಜೊತೆ ಹೆಸರು ಉಳಿಸಿಕೊಂಡ ವೈದ್ಯ: ಡಿ-ಡೈಮರ್ ರಿಪೋರ್ಟ್ ನೋಡಿ ಗಾಬರಿಯಾಗುವ ಮುನ್ನ ಇದನ್ನು ಓದಿ

ಡಿ-ಡೈಮರ್ ಹೆಚ್ಚು ಬಂದರೆ ದೇಹದಲ್ಲಿ ರಕ್ತ ಹೆಪ್ಪುಗಟ್ಟಿರುವುದು ಖಚಿತ ಎನ್ನುವ ಸಂದೇಶಗಳು ಕೊರೊನಾ ಕಾಲದಿಂದಲೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಹಾವು ಕಚ್ಚಿದರೆ ಮೇಲೆ ಗಟ್ಟಿಯಾಗಿ ಹಗ್ಗ ಕಟ್ಟಿ, ಕುಯ್ದು ರಕ್ತ ಹರಿಸಿ ಎನ್ನುವ ಸಂದೇಶ ಅದಕ್ಕಿಂತ ಹಳೆಯದು. ಇವೆರಡಕ್ಕೂ ಸಂಬಂಧವೇ ಇಲ್ಲ ಎಂದು ನಿಮಗೆ ಅನಿಸಬಹುದು. ಆದರೆ ಎರಡರ ಹಿಂದೆಯೂ ಇರುವುದು ರಕ್ತ ಹೇಗೆ ಹೆಪ್ಪುಗಟ್ಟುತ್ತದೆ ಎಂಬ ಒಂದೇ ಪ್ರಶ್ನೆ. ಅದನ್ನು ಅರಿಯಲು ನಾವು ಇನ್ನೂರು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ವೈದ್ಯನ ಬದುಕನ್ನು ನೋಡೋಣ.

ಯಾರು ಈ ಪ್ಯಾಟ್ರಿಕ್ ರಸೆಲ್?

ರಸೆಲ್ ಸ್ಕಾಟ್ಲೆಂಡಿನ ಎಡಿನ್‌ಬರೋದವರು. ಅಲ್ಲೇ ವೈದ್ಯಕೀಯ ಓದಿ, 1750ರಲ್ಲಿ ಈಗಿನ ಸಿರಿಯಾದ ಅಲೆಪ್ಪೋ ನಗರಕ್ಕೆ ಹೋದರು. ಅವರ ಮಲಅಣ್ಣ ಅಲೆಕ್ಸಾಂಡರ್ ಅಲ್ಲಿ ಇಂಗ್ಲಿಷ್ ವ್ಯಾಪಾರಿಗಳ ವೈದ್ಯರಾಗಿದ್ದರು. ಅಣ್ಣ ಊರಿಗೆ ಮರಳಿದ ಮೇಲೆ ಆ ಕೆಲಸ ತಮ್ಮನದಾಯಿತು.

1760ರಿಂದ 1762ರವರೆಗೆ ಅಲೆಪ್ಪೋದಲ್ಲಿ ಪ್ಲೇಗ್ ಹಬ್ಬಿತು. ರಸೆಲ್ ಅಲ್ಲಿಯೇ ಉಳಿದು ರೋಗಿಗಳನ್ನು ನೋಡಿದರು, ಕಂಡದ್ದನ್ನೆಲ್ಲ ಬರೆದಿಟ್ಟರು. ಆ ಟಿಪ್ಪಣಿಗಳೇ 1791ರಲ್ಲಿ ಪ್ಲೇಗ್ ಕುರಿತ ದೊಡ್ಡ ಗ್ರಂಥವಾದವು. ಅರಬ್ ಹೆಂಗಸರು ಮಕ್ಕಳಿಗೆ ಸಿಡುಬಿನ ಕೀವು ಚುಚ್ಚಿ ರೋಗ ತಡೆಯುತ್ತಿದ್ದ ಪದ್ಧತಿಯನ್ನೂ ಅವರು ಕೇಳಿ ತಿಳಿದು, 1768ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರದಿ ಮಾಡಿದರು. ಜನ ಹೇಳುವುದನ್ನು ತಳ್ಳಿಹಾಕಲೂ ಇಲ್ಲ, ಕಣ್ಣುಮುಚ್ಚಿ ನಂಬಲೂ ಇಲ್ಲ. ಪರೀಕ್ಷಿಸಿ ನೋಡುವುದು ಅವರ ಅಭ್ಯಾಸವಾಗಿತ್ತು.

ಭಾರತಕ್ಕೆ ಬಂದದ್ದು ಹೇಗೆ?

1780ರ ದಶಕದ ಆರಂಭದಲ್ಲಿ ಅವರ ತಮ್ಮ ಕ್ಲಾಡ್‌ಗೆ ವಿಶಾಖಪಟ್ಟಣದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರ ಸಿಕ್ಕಿತು. ಆಗ ಐವತ್ತು ದಾಟಿದ್ದ ರಸೆಲ್ ತಮ್ಮನ ಜೊತೆ ಬಂದರು. 1785ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕಂಪನಿಯ ನಿಸರ್ಗ ವಿಜ್ಞಾನಿಯಾದರು. ಕಂಪನಿಯ ಸಿಪಾಯಿಗಳಿಗೂ ರೈತರಿಗೂ ಹಾವಿನ ಕಡಿತ ದೊಡ್ಡ ಕಾಟವಾಗಿತ್ತು. ವಿಷದ ಹಾವು ಯಾವುದು, ವಿಷವಿಲ್ಲದ್ದು ಯಾವುದು ಎಂದು ಸುಲಭವಾಗಿ ಗುರುತಿಸುವ ದಾರಿ ಹುಡುಕಲು ರಸೆಲ್ ಹೊರಟರು. ಹಾವುಗಳನ್ನು ತರಿಸಿಕೊಂಡು, ಅವುಗಳ ಸ್ಥಳೀಯ ಹೆಸರು ಕೇಳಿ ಬರೆದುಕೊಂಡರು. ಕೋಳಿ, ನಾಯಿಗಳಿಗೆ ಕಚ್ಚಿಸಿ ಏನಾಗುತ್ತದೆ ಎಂದು ನೋಡಿದರು. ಇಂದು ಓದಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ, ಆದರೆ ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಹಾವಿನ ಕಡಿತಕ್ಕೆ ರಾಮಬಾಣವೆಂದು ಹೆಸರಾಗಿದ್ದ ತಂಜಾವೂರು ಗುಳಿಗೆಯನ್ನೂ ಅವರು ಒರೆಗೆ ಹಚ್ಚಿದರು. ಅದರಲ್ಲಿ ಇದ್ದದ್ದು ಪಾಷಾಣ!

1789ರಲ್ಲಿ ಇಂಗ್ಲೆಂಡಿಗೆ ಮರಳಿದ ರಸೆಲ್, 1796ರಲ್ಲಿ ಕೋರಮಂಡಲ ಕರಾವಳಿಯ ಹಾವುಗಳ ಬಗ್ಗೆ ಬಣ್ಣದ ಚಿತ್ರಗಳ ಪುಸ್ತಕ ಪ್ರಕಟಿಸಿದರು. ಮರುವರ್ಷ ಇಬ್ಬರು ವಿಜ್ಞಾನಿಗಳು ಅದರಲ್ಲಿನ ಒಂದು ಹಾವಿಗೆ ರಸೆಲ್ ಅವರ ಹೆಸರನ್ನೇ ಇಟ್ಟರು. ಜಗತ್ತು ರಸೆಲ್ಸ್ ವೈಪರ್ ಎಂದು ಕರೆಯುವ, ನಾವು ಕೊಳಕುಮಂಡಲ ಎನ್ನುವ ಹಾವು ಅದೇ. ಮದುವೆಯಾಗದ ರಸೆಲ್ 1805ರ ಜುಲೈ 2ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆ ವಿಷ ರಕ್ತದೊಳಗೆ ಏನು ಮಾಡುತ್ತದೆ ಎಂಬುದು ಅವರಿಗೆ ತಿಳಿಯಲೇ ಇಲ್ಲ.

ವಿಷದಿಂದಲೇ ಪರೀಕ್ಷೆ

ನಮ್ಮ ರಕ್ತದಲ್ಲಿ ಹೆಪ್ಪುಗಟ್ಟಿಸುವ ಅಂಶಗಳು ಸುಮ್ಮನೆ ಮಲಗಿರುತ್ತವೆ. ಗಾಯವಾದಾಗ ಒಂದನ್ನೊಂದು ಎಬ್ಬಿಸುತ್ತಾ ಹೋಗಿ, ಕೊನೆಗೆ ಫೈಬ್ರಿನ್ ಎಂಬ ಎಳೆಗಳ ಬಲೆ ನೇಯುತ್ತವೆ. ಕೊಳಕುಮಂಡಲದ ವಿಷ ಇವುಗಳಲ್ಲಿ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ನೇರವಾಗಿ ಎಬ್ಬಿಸುತ್ತದೆ. ಮೈತುಂಬಾ ಸಣ್ಣಸಣ್ಣ ಹೆಪ್ಪುಗಳಾಗಿ ಸಾಮಗ್ರಿಯೆಲ್ಲ ಖರ್ಚಾಗುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಬರುತ್ತದೆ, ಕಿಡ್ನಿಯೂ ಕೆಡಬಹುದು.

1934ರಲ್ಲಿ ಲಂಡನ್ನಿನ ವೈದ್ಯ ಮ್ಯಾಕ್‌ಫಾರ್ಲೇನ್ ಮತ್ತು ಸಂಗಡಿಗರು ಇದೇ ವಿಷವನ್ನು ಬಹಳ ತೆಳುಮಾಡಿ, ಹಿಮೋಫಿಲಿಯಾ ರೋಗಿಗಳ ಗಾಯದ ರಕ್ತ ನಿಲ್ಲಿಸಲು ಬಳಸಬಹುದೆಂದು ತೋರಿಸಿದರು. ಇಂದಿಗೂ ಪದೇಪದೇ ಗರ್ಭಪಾತವಾಗುವ ಅಥವಾ ಕಾರಣವಿಲ್ಲದೆ ರಕ್ತ ಹೆಪ್ಪುಗಟ್ಟುವ ಕೆಲವರಿಗೆ ಲ್ಯಾಬಿನಲ್ಲಿ ಡಿಆರ್‌ವಿವಿಟಿ ಎಂಬ ಪರೀಕ್ಷೆ ಮಾಡುತ್ತಾರೆ. ಅದರಲ್ಲಿರುವ ಆರ್ ಎಂದರೆ ರಸೆಲ್.

ಹಾಗಾದರೆ ಡಿ-ಡೈಮರ್ ಎಂದರೇನು?

ಹೆಪ್ಪಿನ ಕೆಲಸ ಮುಗಿದ ಮೇಲೆ ದೇಹವೇ ಫೈಬ್ರಿನ್ ಬಲೆಯನ್ನು ಕತ್ತರಿಸುತ್ತದೆ. ಆಗ ಉಳಿಯುವ ಒಂದು ಚೂರೇ ಡಿ-ಡೈಮರ್. ಅಂದರೆ ಎಲ್ಲೋ ಹೆಪ್ಪಾಗಿ ಕರಗಿದೆ ಎಂಬ ಸುಳಿವು, ಅಷ್ಟೇ. ಎಲ್ಲಿ, ಏಕೆ ಎಂದು ಅದು ಹೇಳುವುದಿಲ್ಲ. ಸೋಂಕು, ಗರ್ಭಧಾರಣೆ, ಆಪರೇಷನ್, ಪೆಟ್ಟು, ಕ್ಯಾನ್ಸರ್, ವಯಸ್ಸು ಎಲ್ಲದರಲ್ಲೂ ಇದು ಏರಬಹುದು. ಕಾಲಿನ ರಕ್ತನಾಳ ಅಥವಾ ಶ್ವಾಸಕೋಶದಲ್ಲಿ ಹೆಪ್ಪಾಗಿರುವ ಅನುಮಾನ ಕಡಿಮೆ ಇರುವವರಲ್ಲಿ, ಇದು ಕಡಿಮೆ ಬಂದರೆ ಹೆಪ್ಪು ಇಲ್ಲ ಎಂದು ವೈದ್ಯರು ಧೈರ್ಯವಾಗಿ ಹೇಳಬಹುದು. ಅದೇ ಇದರ ನಿಜವಾದ ಉಪಯೋಗ.

ಇನ್ನೊಂದು ಮಾತು. ಲ್ಯಾಬುಗಳು ಬೇರೆಬೇರೆ ಅಳತೆ ಬಳಸುತ್ತವೆ. ಒಂದು ಅಳತೆಯಲ್ಲಿ 500 ಎಂದು ಬರುವುದು ಇನ್ನೊಂದರಲ್ಲಿ ಸುಮಾರು 250 ಆಗಬಹುದು. ನಿಮ್ಮ ಸಂಖ್ಯೆಯನ್ನು ಪಕ್ಕದ ಮನೆಯವರ ಸಂಖ್ಯೆಗೆ ಹೋಲಿಸಬೇಡಿ.

ಮೇಲವಂಕಿಯ ಹೊಲಕ್ಕೂ ಇದಕ್ಕೂ ಏನು ಸಂಬಂಧ?

ಗೋಕಾಕ ತಾಲೂಕಿನ ಮೇಲವಂಕಿ ಇರಲಿ, ಮೂಡಲಗಿ, ಹುಕ್ಕೇರಿ ಕಡೆಯ ಊರುಗಳಿರಲಿ, ಕಬ್ಬಿನ ಹೊಲವಿದ್ದಲ್ಲಿ ಇಲಿ ಇರುತ್ತದೆ, ಇಲಿ ಇದ್ದಲ್ಲಿ ಹಾವು ಬರುತ್ತದೆ. ಅಲ್ಲಿ ದುಬಾರಿ ಯಂತ್ರವೇ ಬೇಕಿಲ್ಲ. ಕಚ್ಚಿಸಿಕೊಂಡವರ 2 ಮಿಲಿಲೀಟರ್ ರಕ್ತವನ್ನು ಒಣಗಿದ, ಸ್ವಚ್ಛ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ನಂತರ ಬಾಗಿಸಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಎಂದರ್ಥ. ಹೆಪ್ಪುಗಟ್ಟಿದರೂ ನಿಶ್ಚಿಂತೆ ಬೇಡ, ವೈದ್ಯರು ಮತ್ತೆಮತ್ತೆ ನೋಡಬೇಕಾಗುತ್ತದೆ. ಇದನ್ನು ಆಸ್ಪತ್ರೆಯಲ್ಲೇ ಮಾಡಬೇಕು, ಮನೆಯಲ್ಲಿ ಮಾಡುತ್ತಾ ಹೊತ್ತು ಕಳೆಯಬಾರದು.

ರಕ್ತವೇ ಹೆಪ್ಪುಗಟ್ಟದ ಸ್ಥಿತಿಯಲ್ಲಿ ಕುಯ್ದರೆ ಏನಾಗುತ್ತದೆ ಎಂದು ಈಗ ನೀವೇ ಯೋಚಿಸಿ. ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ಬಳೆ, ಕಾಲ್ಗಡಗ ತೆಗೆಯಿರಿ, ಕೈಕಾಲು ಅಲುಗಾಡದಂತೆ ನೋಡಿಕೊಳ್ಳಿ, 108ಕ್ಕೆ ಕರೆ ಮಾಡಿ. ವಿಷ ಇಳಿಸುವುದು ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದು ಮಾತ್ರ. 2024ರಿಂದ ಕರ್ನಾಟಕದಲ್ಲಿ ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ.

ಒಟ್ಟಾರೆ ಹೇಳುವುದಾದರೆ

ಡಿ-ಡೈಮರ್ ಹೆಚ್ಚಿದ ಮಾತ್ರಕ್ಕೆ ಹೆಪ್ಪು ಖಚಿತವಲ್ಲ. ಹಾಗೆಂದು ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಫಾರ್ವರ್ಡ್ ಬಂದಾಗ ತಂಜಾವೂರು ಗುಳಿಗೆಯನ್ನೊಮ್ಮೆ ನೆನೆಯಿರಿ. ಎಲ್ಲರೂ ನಂಬಿದ್ದನ್ನು ರಸೆಲ್ ಪರೀಕ್ಷಿಸಿ ನೋಡಿದ್ದರು. ನಾವು ಇನ್ನೊಬ್ಬರಿಗೆ ಕಳುಹಿಸುವ ಮುನ್ನ ವೈದ್ಯರನ್ನೊಮ್ಮೆ ಕೇಳಿದರೂ ಸಾಕು.