ಗೋದಲಿಯ ಎತ್ತು ಮತ್ತು ಸಂತ ಫ್ರಾನ್ಸಿಸರು

ಬೀದರ ಕೋಟೆಯ ಶರ್ಜಾ ದರವಾಜೆಯ ಮೇಲೆ ಕಲ್ಲಿನಲ್ಲಿ ಕೊರೆದ ಎರಡು ಹುಲಿಗಳಿವೆ. ಅವು ಕಾಡಿನ ಹುಲಿಗಳಾಗಿರದೆ ಅರಸೊತ್ತಿಗೆಯ ಬಲದ ಗುರುತುಗಳಾಗಿವೆ. ನಮ್ಮ ಧರ್ಮಸಭೆಯ ಕಲೆಯಲ್ಲಿಯೂ ಸಿಂಹವು ಸಂತ ಮಾರ್ಕರನ್ನು, ಎತ್ತು ಸಂತ ಲೂಕರನ್ನು ಸೂಚಿಸುತ್ತವೆ. ಹೀಗೆ ಸಂಕೇತವಾಗಿದ್ದ ಪ್ರಾಣಿಯನ್ನು ದೇವರ ಸೃಷ್ಟಿಯಾಗಿಯೇ ಕಾಣಲು ಕಲಾವಿದರಿಗೆ ಪ್ರೇರಣೆಯಿತ್ತವರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಅಗ್ರಗಣ್ಯರು.

ಇಟಲಿಯ ಅಸ್ಸಿಸಿ ನಗರದಲ್ಲಿ 1181 ಅಥವಾ 1182ರಲ್ಲಿ ಸಿರಿವಂತ ಬಟ್ಟೆ ವ್ಯಾಪಾರಿಯ ಮಗನಾಗಿ ಅವರು ಜನಿಸಿದರು. ಯೌವನದಲ್ಲಿ ಯುದ್ಧಕ್ಕೆ ಹೋಗಿ ಸೆರೆಸಿಕ್ಕು, ಸುಮಾರು ಒಂದು ವರ್ಷ ಬಂಧನದಲ್ಲಿ ಕಳೆದರು. ಅನಂತರ, ಹಿಂದೆ ಕಂಡರೆ ಅಸಹ್ಯಪಡುತ್ತಿದ್ದ ಕುಷ್ಠರೋಗಿಗಳ ಸೇವೆಗೆ ನಿಂತರು. 1206ರ ಸುಮಾರಿಗೆ ಧರ್ಮಾಧ್ಯಕ್ಷರ ಸಮ್ಮುಖದಲ್ಲಿ ತಂದೆಯ ಆಸ್ತಿಯ ಜೊತೆಗೆ ಉಟ್ಟ ಬಟ್ಟೆಯನ್ನೂ ಹಿಂದಿರುಗಿಸಿದರು. ಯಾವುದನ್ನೂ ತನ್ನದೆನ್ನದ ಆ ಬಡವನಿಗೆ ಸಕಲ ಸೃಷ್ಟಿಯೂ ಬಂಧುವಾಯಿತು. ಒಡೆತನ ಅಳಿದಲ್ಲಿಯೇ ಬಾಂಧವ್ಯ ಹುಟ್ಟುವುದೆಂಬುದು ಅವರ ಬಾಳಿನ ತಿರುಳು.

1223ರ ಕ್ರಿಸ್ತಜಯಂತಿಯ ರಾತ್ರಿ ಗ್ರೆಚ್ಚೊ ಎಂಬ ಊರಿನಲ್ಲಿ ಅವರು ಹುಲ್ಲು ಹಾಸಿ, ಜೀವಂತ ಎತ್ತು ಮತ್ತು ಕತ್ತೆಯನ್ನು ತರಿಸಿ ಗೋದಲಿ ರಚಿಸಿದರು. ಶುಭಸಂದೇಶದ ಜನನ ವೃತ್ತಾಂತದಲ್ಲಿ ಈ ಪ್ರಾಣಿಗಳ ಪ್ರಸ್ತಾಪವಿಲ್ಲ. ಯೆಶಾಯ ಪ್ರವಾದಿಯ ಮಾತಿನಿಂದ ಅವು ನಮ್ಮ ಪರಂಪರೆಗೆ ಬಂದವು. ಕಣ್ಣುಗಳು ಮಂಜಾಗುತ್ತಿದ್ದ ದಿನಗಳಲ್ಲಿ ಫ್ರಾನ್ಸಿಸರು ಸೃಷ್ಟಿಯ ಸ್ತುತಿಗೀತೆಯನ್ನು ರಚಿಸಿದರು. 1226ರ ಅಕ್ಟೋಬರ್ 3ರಂದು ದೈವಾಧೀನರಾದರು. ಎರಡು ವರ್ಷ ತುಂಬುವ ಮೊದಲೇ ಸಂತ ಪದವಿ ದೊರೆಯಿತು.

ಜೊತ್ತೊ ಬರೆದನೆಂದು ಹೇಳಲಾಗುವ ಅಸ್ಸಿಸಿ ಮಹಾದೇವಾಲಯದ ಭಿತ್ತಿಚಿತ್ರವೊಂದರಲ್ಲಿ ಫ್ರಾನ್ಸಿಸರು ನೆಲದ ಮೇಲಿನ ಹಕ್ಕಿಗಳತ್ತ ಬಾಗಿ ಬೋಧಿಸುತ್ತಾರೆ. ಶರ್ಜಾ ದರವಾಜೆಯ ಹುಲಿಗಳನ್ನು ನಾವು ತಲೆಯೆತ್ತಿ ನೋಡಬೇಕು. ಇಲ್ಲಿ ಮನುಷ್ಯನೇ ಹಕ್ಕಿಗಳೆದುರು ಬಾಗಿದ್ದಾನೆ. 1979ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಇವರನ್ನು ಪರಿಸರದ ಪಾಲಕ ಸಂತರೆಂದು ಸಾರಿದರು.

ಭಾಲ್ಕಿ, ಔರಾದ ಸೀಮೆಯು ದೇವಣಿ ತಳಿಯ ತವರು. ಟ್ರಾಕ್ಟರಿನ ಕಾಲದಲ್ಲಿ, ಮೇವು ಸಾಲದ ವರ್ಷಗಳಲ್ಲಿ, ದುಡಿದ ಎತ್ತನ್ನು ರೈತನು ಸಂತೆಗೆ ಹೊಡೆಯಬೇಕಾಗುತ್ತದೆ. ಅವನ ಸಂಕಟವನ್ನು ಬಲ್ಲ ನಾವು ಅವನನ್ನು ದೂರಲಾರೆವು. ಆದರೆ ಕೊಟ್ಟಿಗೆ ಬರಿದಾಗುತ್ತಿರುವಾಗ ಗೋದಲಿಯಲ್ಲಿ ಬಣ್ಣದ ಎತ್ತನ್ನಿಟ್ಟು ಕೈಮುಗಿದರೆ ಸಾಕೆ? ಈ ಸಲ ನಮ್ಮ ಮಕ್ಕಳು ಬಿಳಿಯ ಮೈಯಲ್ಲಿ ಕಪ್ಪು ಮಚ್ಚೆಯ ದೇವಣಿ ಎತ್ತನ್ನು ಮಣ್ಣಿನಲ್ಲಿ ಮಾಡಲಿ. ಹಿರಿಯರಾದ ನಾವು ಮೇವಿಲ್ಲದ ನೆರೆಮನೆಗೆ ಒಂದು ಹೊರೆ ಕಣಿಕೆ ಮುಟ್ಟಿಸೋಣ. ಸಂತ ಫ್ರಾನ್ಸಿಸರ ಗೋದಲಿ ಆಗ ನಮ್ಮ ನೆಲದಲ್ಲಿಯೂ ಸಜೀವವಾದೀತು.