ನಾಗಪುರದ ಗಿರಣಿ ಮತ್ತು ಜಮ್‌ಶೆಡ್‌ಜಿ ಟಾಟಾ

ವ್ಯವಹಾರ ಅಧ್ಯಯನದ ಪುಸ್ತಕದಲ್ಲಿರುವ ಟೇಲರ್, ಫೇಯೋಲ್ ಅವರ ತತ್ವಗಳನ್ನು ನಾವು ಕಾಮರ್ಸ್‌ನವರೆಲ್ಲ ಬಾಯಿಪಾಠ ಮಾಡಿದ್ದೇವೆ. ಅವರ ಪುಸ್ತಕಗಳು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಾಗಪುರದ ಒಂದು ಹತ್ತಿ ಗಿರಣಿಯಲ್ಲಿ ತರಬೇತಿ, ಪ್ರೋತ್ಸಾಹಧನ, ಕಾರ್ಮಿಕ ಕಲ್ಯಾಣ ಎಲ್ಲವೂ ಶುರುವಾಗಿತ್ತು. ಅದನ್ನು ಕಟ್ಟಿದವರು ಜಮ್‌ಶೆಡ್‌ಜಿ ಟಾಟಾ. ಅವರ ಹೆಸರು ಹೇಳಿದರೆ ಎಲ್ಲರಿಗೂ ಉಕ್ಕು ಮತ್ತು ತಾಜ್ ಹೋಟೆಲ್ ನೆನಪಾಗುತ್ತದೆ. ನನಗೆ ಈ ಗಿರಣಿಯೇ ಹೆಚ್ಚು ಇಷ್ಟ.

ಅವರು ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ, ಪಾರ್ಸಿ ಪುರೋಹಿತರ ಮನೆತನದಲ್ಲಿ. ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ತಂದೆಯ ವ್ಯಾಪಾರಕ್ಕೆ ಸೇರಿದರು. ಇಂಗ್ಲೆಂಡಿಗೆ ಹೋಗಿ ಲ್ಯಾಂಕಾಶೈರಿನ ಗಿರಣಿಗಳನ್ನು ನೋಡಿಬಂದರು. ಆಗ ಹೆಚ್ಚಿನವರು ಮುಂಬೈಯಲ್ಲೇ ಗಿರಣಿ ಹಾಕುತ್ತಿದ್ದರು. ಇವರು ಹತ್ತಿ ಬೆಳೆಯುವ ನಾಡಿನ ನಡುವೆ ಇರುವ ನಾಗಪುರಕ್ಕೆ ಹೋದರು. 1877ರ ಜನವರಿ 1ರಂದು ಎಂಪ್ರೆಸ್ ಮಿಲ್ ತೆರೆಯಿತು.

ಅದರ ಮ್ಯಾನೇಜರ್ ಆಗಿ ಅವರು ಆರಿಸಿದ್ದು ಬೆಜೊಂಜಿ ಮೆಹ್ತಾ ಅವರನ್ನು. ಮೆಹ್ತಾ ರೈಲ್ವೆಯಿಂದ ಬಂದವರು, ಬಟ್ಟೆ ಗಿರಣಿಯ ಅನುಭವ ಇರಲಿಲ್ಲ. ಇಂದಿನ ಕಂಪನಿಯಾದರೆ ಅರ್ಜಿಯನ್ನೇ ಪಕ್ಕಕ್ಕಿಡುತ್ತಿತ್ತೇನೋ! ಯಂತ್ರದ ಕೆಲಸ ತಿಳಿದ ಬ್ರೂಕ್ಸ್‌ಬಿ ಅವರು ಜೊತೆಗಿದ್ದರು.

ಆಗ ಲ್ಯಾಂಕಾಶೈರಿನಲ್ಲಿ ನೂಲು ತೆಗೆಯುತ್ತಿದ್ದುದು ಮ್ಯೂಲ್ ಎಂಬ ಯಂತ್ರದಿಂದ. ಅದು ನೂಲನ್ನು ಎಳೆದು ಹುರಿಮಾಡಿ, ಆಮೇಲೆ ಹಿಂದಕ್ಕೆ ಬಂದು ಸುತ್ತುತ್ತದೆ. ಅದಕ್ಕೆ ಪಳಗಿದ ಕೈ ಬೇಕು. ಹೊಸದಾಗಿ ಬಂದಿದ್ದ ರಿಂಗ್ ಫ್ರೇಮಿನಲ್ಲಿ ಹುರಿಮಾಡುವುದೂ ಸುತ್ತುವುದೂ ಒಟ್ಟಿಗೇ ನಡೆಯುತ್ತದೆ, ಹೊಸಬರೂ ಬೇಗ ಕಲಿಯುತ್ತಾರೆ. ಲ್ಯಾಂಕಾಶೈರಿನವರು ಅದನ್ನು ಅಷ್ಟಾಗಿ ನಂಬಲಿಲ್ಲ. ಟಾಟಾ ಅವರು ಮೊದಲು ಎರಡೇ ಯಂತ್ರ ತರಿಸಿ ಓಡಿಸಿ ನೋಡಿದರು. ಫಲ ಕಂಡ ಮೇಲೆ ಇನ್ನಷ್ಟು ಹಾಕಿಸಿದರು.

ಆದರೆ ಯಂತ್ರ ಕಲಿಯಬೇಕಾದರೆ ಜನ ದಿನವೂ ಬರಬೇಕಲ್ಲ? ಹೊಲದ ಕೆಲಸಕ್ಕೆ ಒಗ್ಗಿದ ಜನರಿಗೆ ಗಿರಣಿಯ ಗಂಟೆ ಒಗ್ಗಿರಲಿಲ್ಲ, ಗೈರುಹಾಜರಿ ಬಹಳ ಇತ್ತು. ಅವರು ಒಳಗೆ ಗಾಳಿ ಆಡುವ ವ್ಯವಸ್ಥೆ ಮಾಡಿಸಿದರು, ಚೆನ್ನಾಗಿ ದುಡಿದವರಿಗೆ ಬಹುಮಾನ ಕೊಟ್ಟರು. ಓದಿದ ಯುವಕರನ್ನು ಅಪ್ರೆಂಟಿಸ್‌ಗಳಾಗಿ ಸೇರಿಸಿಕೊಂಡು ಕೆಲಸ ಕಲಿಸಿದರು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತ ಪರಿಹಾರ ಬಂದವು. ಸರ್ಕಾರ ಕಾರ್ಮಿಕರ ಪರಿಹಾರಕ್ಕೆ ಕಾನೂನು ಮಾಡಿದ್ದು 1923ರಲ್ಲಿ. ನನ್ನ ಮಾಮೂ ಪವರ್‌ಲೂಮ್‌ನಲ್ಲಿ ದುಡಿಯುತ್ತಾರೆ. ಎರಡು ವರ್ಷದ ಹಿಂದೆ ಬೆರಳಿಗೆ ಪೆಟ್ಟಾಗಿ ಮನೆಯಲ್ಲಿ ಕುಳಿತಾಗ ಅವರಿಗೆ ಒಂದು ದಿನದ ಕೂಲಿಯೂ ಬರಲಿಲ್ಲ. ಹಾಗಾಗಿ 1895 ಎಂಬ ಇಸವಿ ನನಗೆ ಮರೆಯುವುದಿಲ್ಲ.

ಇದೆಲ್ಲ ಬರೀ ದಾನ ಎಂದು ನಾನು ಒಪ್ಪುವುದಿಲ್ಲ. ಪಳಗಿದ ಕೆಲಸಗಾರ ಬಿಟ್ಟುಹೋದರೆ ಕಲಿತದ್ದೂ ಅವನ ಜೊತೆಗೇ ಹೋಗುತ್ತದೆ. ಆ ಲೆಕ್ಕ ಅವರಿಗೆ ಗೊತ್ತಿತ್ತು. ಕಾಲವೂ ಕಠಿಣವಾಗಿತ್ತು: 1881ರ ಕಾರ್ಖಾನೆ ಕಾಯ್ದೆಯ ಪ್ರಕಾರ ಏಳು ವರ್ಷದ ಮಗುವನ್ನೂ ಕೆಲಸಕ್ಕೆ ಇಟ್ಟುಕೊಳ್ಳಬಹುದಿತ್ತು.

ಕಲಿಸುವ ಆಸೆ ಅವರನ್ನು ನಮ್ಮ ಬೆಂಗಳೂರಿಗೂ ತಂದಿತು. ಇಲ್ಲಿ ಜಪಾನಿನ ತಜ್ಞರನ್ನು ಕರೆಸಿ ರೇಷ್ಮೆ ಫಾರ್ಮ್ ನಡೆಸಿದರು. ವಿಜ್ಞಾನ ಸಂಸ್ಥೆಗಾಗಿ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಬರೆದಿಟ್ಟರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1904ರ ಮೇ 19ರಂದು ಅವರು ಜರ್ಮನಿಯಲ್ಲಿ ತೀರಿಕೊಂಡರು. ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ.