ತಕ್ಕಡಿಯಲ್ಲಿ ಕೂತ ಗಾಯಕ: ಗದಗಿನ ಪುಟ್ಟರಾಜ ಗವಾಯಿಗಳು

ಗದಗ-ಬೆಟಗೇರಿ ಅವಳಿ ಪಟ್ಟಣದ ವೀರೇಶ್ವರ ಪುಣ್ಯಾಶ್ರಮವನ್ನು 1944ರಿಂದ 2010ರವರೆಗೆ, ಅಂದರೆ 66 ವರ್ಷಗಳ ಕಾಲ, ನಡೆಸಿದ ಪಂಡಿತ ಪುಟ್ಟರಾಜ ಗವಾಯಿಗಳು ಹಾಡುಗಾರರಾಗಿ ಎಷ್ಟು ದೊಡ್ಡವರೋ, ಆ ಹಾಡಿನ ಬಲದಿಂದಲೇ ನೂರಾರು ಮಕ್ಕಳ ಮನೆಯೊಂದರ ಒಲೆ ಆರದಂತೆ ನೋಡಿಕೊಂಡವರಾಗಿಯೂ ಅಷ್ಟೇ ದೊಡ್ಡವರು. ‘ಗವಾಯಿ’ ಎಂದರೆ ಹಿಂದುಸ್ತಾನಿ ಸಂಗೀತ ಹಾಡುವವರು. ಉತ್ತರ ಕರ್ನಾಟಕದಲ್ಲಿ ಈ ಮಾತು ಹೆಸರಿಗೇ ಅಂಟಿಕೊಂಡುಬಿಡುತ್ತದೆ. ಆದರೆ ಗದಗಿನ ಮಂದಿಯ ಬಾಯಲ್ಲಿ ಅವರು ಪಂಡಿತರಾಗಿದ್ದಕ್ಕಿಂತ ‘ಅಜ್ಜಾರು’ ಆಗಿದ್ದೇ ಹೆಚ್ಚು.

ಅವರು ಹುಟ್ಟಿದ್ದು 1914ರ ಮಾರ್ಚ್ 3ರಂದು, ಹಾವೇರಿ ಸಮೀಪದ ದೇವಗಿರಿಯಲ್ಲಿ. ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಹುಡುಗನನ್ನು ಸೋದರಮಾವ ಸಾಕಿದರು. ಮುಂದೆ ಆತ ಪಂಚಾಕ್ಷರಿ ಗವಾಯಿಗಳ ಮಡಿಲು ಸೇರಿದ. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರು ಹುಟ್ಟು ಕುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಅವರು, ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಗೀತ ಶಾಲೆಯನ್ನೇ ಸಾಗಿಸುತ್ತ ಬಂದು, ಕೊನೆಗೆ ಬಸರಿಗಿಡದ ವೀರಪ್ಪನವರು ಕೊಟ್ಟ ಜಾಗದಲ್ಲಿ, ಗದಗಿನಲ್ಲಿ ನೆಲೆ ನಿಂತರು; ವೀರೇಶ್ವರ ಎಂಬ ಹೆಸರಿನಲ್ಲಿ ಆ ದಾನಿಯ ನೆನಪಿದೆ. ಪುಟ್ಟರಾಜರು ಹಿಂದುಸ್ತಾನಿ ಪದ್ಧತಿಯನ್ನು ಈ ಗುರುವಿನಿಂದ ಕಲಿತರೆ, ದಕ್ಷಿಣದ ಕರ್ನಾಟಕ ಸಂಗೀತವನ್ನು ಮುಂಡರಗಿ ರಾಘವೇಂದ್ರಾಚಾರ್ಯರಿಂದ ಕಲಿತರು. ಎರಡೂ ಪದ್ಧತಿಗಳು ಕೂಡುವ ಸೀಮೆಯಿದು.

ಆಶ್ರಮ ಸೇರಿದ ಕುರುಡು ಮಕ್ಕಳಿಗೆ ಬೇರೆ ಕಸುಬಿಗಿಂತ ಸಂಗೀತವೇ ಏಕೆ ಒಗ್ಗಿತೆಂಬುದನ್ನು ಪಾಠದ ಕ್ರಮದಲ್ಲಿಯೇ ಕಾಣಬಹುದು. ಹಿಂದುಸ್ತಾನಿ ಸಂಗೀತದಲ್ಲಿ ಬರೆದಿಟ್ಟ ಸ್ವರಲಿಪಿಗಿಂತ ಕಿವಿಯೇ ಪುಸ್ತಕ. ತಂಬೂರಿಯ ನಾಲ್ಕು ತಂತಿಗಳು ಒಂದೇ ಸಮನೆ ಮಿಡಿಯುತ್ತಿರುವಾಗ ಗುರು ಒಂದು ಸ್ವರಗುಚ್ಛ ಹಾಡುತ್ತಾರೆ, ಶಿಷ್ಯ ಅದನ್ನು ತಪ್ಪಿಲ್ಲದೆ ಒಪ್ಪಿಸುವ ತನಕ ಮುಂದಿನದು ಬರುವುದಿಲ್ಲ. ತಬಲಾ ಕಲಿಯುವ ಹುಡುಗ ‘ಧಾ ಧಿನ್ ಧಿನ್ ಧಾ’ ಎಂಬ ಬೋಲ್‌ಗಳನ್ನು, ಅಂದರೆ ಹೊಡೆತದ ಅಕ್ಷರಗಳನ್ನು, ಮೊದಲು ಬಾಯಲ್ಲಿ ಪಳಗಿಸಿಕೊಂಡು ಆಮೇಲೆ ಬೆರಳಿಗಿಳಿಸುತ್ತಾನೆ. ಇಂಥ ಪಾಠದಲ್ಲಿ ಕಣ್ಣಿದ್ದವನಿಗೆ ಹೆಚ್ಚಿನ ಅನುಕೂಲವೇನೂ ಇಲ್ಲ.

1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಪುಟ್ಟರಾಜರಿಗೆ 30 ವರ್ಷ. ಅಂಧ, ಅನಾಥ, ಬಡ ಮಕ್ಕಳಿಗೆ ಊಟ, ವಸತಿ, ವಿದ್ಯೆ ಮೂರನ್ನೂ ಬಿಟ್ಟಿಯಾಗಿ ಕೊಡುವ ಆಶ್ರಮ ಅವರ ಹೆಗಲಿಗೇರಿತು. ಹಣಕ್ಕಾಗಿ ಅವರು ನಾಟಕ ಕಂಪನಿ ಕಟ್ಟಿದರು, ತಾವೇ ನಾಟಕ ಬರೆದರು, ಪುರಾಣ ಹೇಳಿದರು, ಊರೂರು ತಿರುಗಿ ಹಾಡಿದರು. ಮಠದವರಿಗೆ ನಾಟಕದ ಗೊಡವೆಯೇಕೆ ಎಂದು ಮೂಗು ಮುರಿಯುವವರಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಎಲ್ಲಕ್ಕಿಂತ ಹೆಸರಾದದ್ದು ತುಲಾಭಾರ: ದೊಡ್ಡ ತಕ್ಕಡಿಯ ಒಂದು ಪರಡಿಯಲ್ಲಿ ಬಿಳಿಯುಡುಗೆಯ ಅಜ್ಜಾರು ಕೂಡುತ್ತಿದ್ದರು, ಇನ್ನೊಂದರಲ್ಲಿ ಭಕ್ತರು ಅವರ ತೂಕಕ್ಕೆ ಸಮನಾಗಿ ನಾಣ್ಯ ಸುರಿಯುತ್ತಿದ್ದರು, ಹಾಗೆ ಬಂದದ್ದು ಆಶ್ರಮದ ದಾಸೋಹಕ್ಕೆ, ಅಂದರೆ ಬಂದವರಿಗೆಲ್ಲ ಅನ್ನ ನೀಡುವ ಕೆಲಸಕ್ಕೆ, ಸಲ್ಲುತ್ತಿತ್ತು. ಇಂಥ ತುಲಾಭಾರಗಳು 2000ಕ್ಕೂ ಮಿಕ್ಕಿ ನಡೆದವೆಂದು ಹೇಳುತ್ತಾರೆ.

ಕಣ್ಣಿಲ್ಲದೆಯೂ ಹಾಡಿನಿಂದ ಹೆಸರಾದವರಲ್ಲಿ ಅಮೆರಿಕದ ರೇ ಚಾರ್ಲ್ಸ್ ಕೂಡ ಒಬ್ಬರು. ಏಳನೆಯ ವಯಸ್ಸಿನ ಸುಮಾರಿಗೆ ಕಣ್ಣು ಕಳೆದುಕೊಂಡ ಆ ಕಪ್ಪು ಗಾಯಕ ಫ್ಲೋರಿಡಾದ ಅಂಧರ ಶಾಲೆಯಲ್ಲಿ ಬ್ರೈಲ್ ಲಿಪಿಯಲ್ಲಿ, ಅಂದರೆ ಬೆರಳಿನಿಂದ ಮುಟ್ಟಿ ಓದುವ ಆರು ಚುಕ್ಕೆಗಳ ಲಿಪಿಯಲ್ಲಿ, ಸಂಗೀತ ಕಲಿತರು. ದುಡಿಯುವ ಜನರ ನೋವಿನ ಹಾಡಾದ ಬ್ಲೂಸನ್ನೂ ಚರ್ಚಿನ ಭಕ್ತಿಗೀತೆಯನ್ನೂ ಬೆಸೆದು ‘ಸೋಲ್’ ಎಂಬ ಗಾಯನಕ್ಕೆ ದಾರಿ ಮಾಡಿದರು. ದೇವರ ಮಟ್ಟನ್ನು ಲೌಕಿಕಕ್ಕೆ ತಂದರೆಂದು ಅವರನ್ನು ಬೈದವರಿದ್ದರು. ಗದಗಿನಲ್ಲಿ ನಡೆದದ್ದು ಇದರ ತಿರುವುಮುರುವು: ರಂಗಭೂಮಿಯ ಗಳಿಕೆ ಇಲ್ಲಿ ಮಠದ ಅನ್ನವಾಯಿತು. ಪುಟ್ಟರಾಜರಿಗೂ ಬ್ರೈಲ್ ಕರಗತವಾಗಿತ್ತು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಅವರು ರಚಿಸಿದ ಕೃತಿಗಳು 80ಕ್ಕೂ ಹೆಚ್ಚು. ಹಾಡಿಕೆಯಲ್ಲದೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲುಗಳಲ್ಲಿಯೂ ಅವರ ಕೈ ಪಳಗಿತ್ತು. ಪ್ರಶಸ್ತಿಗಳ ಪಟ್ಟಿ ಉದ್ದವಿದೆ. 2010ರಲ್ಲಿ ಪದ್ಮಭೂಷಣ ಬಂದಾಗ ವಯಸ್ಸು 96. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ಆಶ್ರಮದಲ್ಲಿ ಕಲಿತು ಹೊರಬಂದವರನ್ನು ಕೇಳಿದರೆ ಆ ಪಾಠದ ಗಟ್ಟಿತನ ತಿಳಿಯುತ್ತದೆ. ಪಂಚಾಕ್ಷರಿ ಗವಾಯಿಗಳ ಬಳಿ ಪಳಗಿದ ಬಸವರಾಜ ರಾಜಗುರು ಹಿಂದಿನ ತಲೆಮಾರಿಗೆ ಸೇರಿದವರು. ಪುಟ್ಟರಾಜರ ಶಿಷ್ಯರಲ್ಲಿ ಇಂದು ಎಲ್ಲೆಡೆ ಕೇಳಿಬರುವ ಹೆಸರು ಪಂಡಿತ ಎಂ. ವೆಂಕಟೇಶಕುಮಾರ್. ಬಳ್ಳಾರಿ ಕಡೆಯ ಹಳ್ಳಿಯಿಂದ ಬಂದ ಅವರು 12 ವರ್ಷ ಆಶ್ರಮದಲ್ಲಿಯೇ ಇದ್ದು ಕಲಿತರು. ಖಯಾಲಿನ, ಅಂದರೆ ಒಂದು ರಾಗವನ್ನು ನಿಧಾನದಿಂದ ವೇಗಕ್ಕೆ ಬೆಳೆಸುತ್ತ ಹೋಗುವ ಗಾಯನದ, ಜೊತೆಗೆ ಅವರು ವಚನಗಳನ್ನೂ ದಾಸರ ಪದಗಳನ್ನೂ ಹಾಡುತ್ತಾರೆ. ಖಯಾಲಿನ ಹಿಂದಿ ಸಾಹಿತ್ಯಕ್ಕೆ ತಲೆದೂಗಿದ ಸಭೆ, ಕನ್ನಡದ ಮೊದಲ ಮಾತು ಕಿವಿಗೆ ಬಿದ್ದೊಡನೆ ಸರಿದು ನೆಟ್ಟಗೆ ಕೂಡುತ್ತದೆ.